ದೇವರ ಗೂಡಿನಲ್ಲಿ ಬಿಟ್ಟ ಹರಳು

ತಿಪಟೂರು
ಮಂಗಳವಾರ, ೧೦-೨-೨೦೨೬

ಪ್ರೀತಿಯ ಇಂಪನಾಗೆ ಅಜ್ಜಿಯ ಆಶೀರ್ವಾದ.

ಕೆಮ್ಮು ಹೇಗಿದೆ? ಬಿಸಿನೀರು ಕುಡಿಯುತ್ತಿದ್ದೀಯೋ, ಕಾಫಿಯಲ್ಲೇ ದಿನ ತಳ್ಳುತ್ತಿದ್ದೀಯೋ? ನಾವು ಚೆನ್ನಾಗಿದ್ದೇವೆ ಅಂತ ಬರೆಯಬೇಕು, ಆದರೆ ನೀನು ಭಾನುವಾರ ಹೋದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ. ನಾಳೆ ನಿನ್ನ ವಿಮಾನ. ಪರದೇಶದ ಆ ದೊಡ್ಡ ಆಯಸ್ಕಾಂತ ನಿನ್ನ ಪ್ರಯೋಗಕ್ಕೆ ಸಿಗುವುದು ಮೂರೇ ದಿನ, ಆಮೇಲೆ ಎರಡು ವರ್ಷ ಸರದಿಯಿಲ್ಲ ಅಂದೆ. ಆ ಮೂರು ದಿನವನ್ನು ನಿಮ್ಮ ಮೇಷ್ಟ್ರು ಕೊಟ್ಟ ಬೇರೆ ಹರಳಿಗೆ ಕಳೆಯುತ್ತೀಯಂತೆ. ನೀನೇ ಕಷ್ಟಪಟ್ಟು ಬೆಳೆಸಿದ ಹರಳನ್ನು ಡಬ್ಬಿ ಸಮೇತ ನಮ್ಮ ದೇವರ ಗೂಡಿನಲ್ಲಿ ಬಿಟ್ಟು ಹೋದೆ. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ, ಹಾಗಾಗಿ ಈ ಕಾಗದ.

ನೀನು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ವಿಪರೀತ ಚಳಿಯಲ್ಲಿಟ್ಟರೆ ಆ ಹರಳಿನಲ್ಲಿ ಕರೆಂಟು ಚೂರೂ ತಡೆಯಿಲ್ಲದೆ ಹರಿಯುತ್ತದೆ. ಆಯಸ್ಕಾಂತದ ಬಲ ಏರಿಸುತ್ತಾ ಹೋದರೆ ಆ ಗುಣ ಹೊರಟುಹೋಗುತ್ತದೆ. ಇನ್ನೂ ಏರಿಸಿದಾಗ, ಒಂದೇ ಒಂದು ಸಲ, ಅದು ವಾಪಸ್ ಬಂದಂತೆ ನಿನಗೆ ಕಂಡಿತು. ಬೇರೆ ದೇಶದವರು ಬೇರೊಂದು ಹರಳಿನಲ್ಲಿ ಇಂಥದ್ದನ್ನು ಕಂಡಿದ್ದಾರೆ ಅಂತಲೂ ನೀನೇ ಹೇಳಿದೆ. ಆದರೆ ನಿನ್ನದರಲ್ಲಿ ತಂತಿ ಸಡಿಲವಾಗಿತ್ತು ಅಂದರು ಮೇಷ್ಟ್ರು. ನೀನೂ ಒಪ್ಪಿಕೊಂಡು, "ಸತ್ತಿದ್ದು ಮತ್ತೆ ಏಳಲ್ಲ ಕಣಜ್ಜಿ, ಬುಡು" ಅಂದೆ. ನನಗೆ ಸಿಟ್ಟು ಬಂದಿತ್ತು.

ನಾನು ಅಮ್ಮಸಂದ್ರದ ಸಿಮೆಂಟು ಫ್ಯಾಕ್ಟರಿ ನೌಕರನ ಮಗಳು, ಕೊಬ್ಬರಿ ಕೆಲಸ ಗೊತ್ತಿಲ್ಲದೆ ಈ ಮನೆ ಸೇರಿದವಳು. ಮೊದಲ ವರ್ಷ, ನಮ್ಮತ್ತೆ ಊರಲ್ಲಿಲ್ಲದಾಗ, ಅಟ್ಟ ಹತ್ತಿ, ಕೊಬ್ಬರಿಯಾಗಲೆಂದು ಒಣಗಲು ಹಾಕಿದ್ದ ತೆಂಗಿನಕಾಯಿ ಅಲ್ಲಾಡಿಸಿ ನೋಡಿದೆ. ಅಟ್ಟಕ್ಕೆ ಹಾಕುವಾಗ ಒಳಗೆ ನೀರು ಕುಲುಕುತ್ತಿದ್ದ ಕಾಯಿಗಳು ಏಳು ತಿಂಗಳಿಗೆ ಸದ್ದೇ ಮಾಡಲಿಲ್ಲ. ಕೆಟ್ಟಿವೆ ಅಂತ ಅರ್ಧ ಅಟ್ಟ ತಿಪ್ಪೆಗೆ ಹಾಕಿಸಿದೆ. ಅತ್ತೆ ಬಂದು ಬೈಯಲಿಲ್ಲ. ನಾಲ್ಕು ತಿಂಗಳು ಕಾದು, ಉಳಿದದ್ದರಲ್ಲಿ ಒಂದು ಕಾಯಿ ತಂದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ನೀರೆಲ್ಲ ಇಂಗಿ, ಒಣಗಿ ಚಿಪ್ಪು ಬಿಟ್ಟ ಉಂಡೆ ಕೊಬ್ಬರಿ ಒಳಗೆ ಗಡಗಡ ಅಂದಿತು. "ಸುಮ್ಕಿದ್ದುದ್ನ ಸತ್ತೋಯ್ತು ಅಂತ ಯಾರೇ ಹೇಳುದ್ರು ನಿಂಗೆ?" ಅಂದರು. ಆ ನಾಚಿಕೆ ನನಗೆ ಇವತ್ತಿಗೂ ಹೋಗಿಲ್ಲ.

ಕಾಯಿಯೂ ಹರಳೂ ಒಂದೇ ಅನ್ನುವಷ್ಟು ದಡ್ಡಿಯಲ್ಲ ನಾನು. ತಂತಿಯೇ ಸಡಿಲವಿದ್ದಿರಬಹುದು. ಇನ್ನೊಂದು ಸಲ ನೋಡಿ ಹಾಗಂತ ಹೇಳು, ಒಪ್ಪುತ್ತೇನೆ. ನೋಡದೆ ತಿಪ್ಪೆಗೆ ಹಾಕಬೇಡ ಮಗಳೇ.

ತಾತನೂ ಆಶೀರ್ವಾದ ಹೇಳಿದ್ದಾರೆ. ಮಫ್ಲರ್ ಮರೆಯಬೇಡ.

ನಿನ್ನ ಅಜ್ಜಿ
ದ್ರಾಕ್ಷಾಯಣಮ್ಮ

ಮರೆತಿದ್ದೆ: ಈ ಕಾಗದ ತರುವ ನಿನ್ನ ಚಿಕ್ಕಪ್ಪ ಜ್ಞಾನೇಶನ ಜೇಬಿನಲ್ಲಿ ಆ ಡಬ್ಬಿಯೂ ಇದೆ, ಕೇಳಿ ಇಸಕೋ. ರೈಲಿಗೆ ಹೊತ್ತಾಯಿತು ಅಂತ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾನೆ. ಕೊಡುವ ಮುಂಚೆ ಕಿವಿಗಿಟ್ಟು ಅಲ್ಲಾಡಿಸಿ ನೋಡಿದೆ. ಏನೂ ಸದ್ದಿಲ್ಲ. ಅದಕ್ಕೇ ಕಳಿಸುತ್ತಿದ್ದೇನೆ.