ಮೂರು ಹಾಕಿದರೆ ಸೊನ್ನೆ

೪-೧೨-೧೯೭೮, ಸೋಮವಾರ

ಹತ್ತನೇ ತರಗತಿ, ಮೂರನೇ ಪೀರಿಯಡ್. ಮತ್ತೆ ಆ ಹೊಸ ಸಿಲಬಸ್ಸು. ಇಪ್ಪತ್ತೆರಡು ವರ್ಷ ರೈಲಿನ ವೇಗ, ನಲ್ಲಿ-ತೊಟ್ಟಿ ಲೆಕ್ಕ ಮಾಡಿಸಿದವನಿಗೆ ಈಗ ಉತ್ಪನ್ನ ಎಂಬ ಫಂಕ್ಷನ್ನು, ಅದರ ಕ್ಷೇತ್ರ, ವ್ಯಾಪ್ತಿ. ಹಣೆಬರಹ! ಬೋರ್ಡಿನ ಮೇಲೆ x−3ರ ವರ್ಗಮೂಲ ಬರೆದೆ. x ಜಾಗಕ್ಕೆ ಯಾವ ಸಂಖ್ಯೆ ಹಾಕಬಹುದೋ ಅವು ಕ್ಷೇತ್ರ, ಹಾಕಿದಾಗ ಬರುವ ಉತ್ತರಗಳು ವ್ಯಾಪ್ತಿ. ಇಲ್ಲಿ ಕ್ಷೇತ್ರ ಮೂರಕ್ಕಿಂತ ದೊಡ್ಡವು ಮಾತ್ರ, ವ್ಯಾಪ್ತಿ ಸೊನ್ನೆಗಿಂತ ದೊಡ್ಡವು ಎಂದೆ.

ಹಿಂದಿನ ಬೆಂಚಿನಿಂದ ಹೊನ್ನೂರಮ್ಮ ಎದ್ದಳು. ಹಮಾಲಿ ತಿಪ್ಪೇಶಪ್ಪನ ಮಗಳು. "ಮೂರೂ ಹಾಕಬಹುದಲ್ರೀ ಸಾರ್? ಒಳಗೆ ಸೊನ್ನೆ ಬರ್ತೈತೆ."

"ಸೊನ್ನೆ ಬರಬಾರದು. ಕೂತ್ಕೋ."

"ಯಾಕ್ ಬರಬಾರದ್ರಿ?"

ಹುಡುಗರು ಕಿಸಕ್ಕೆಂದರು. ತಲೆ ಕೆಟ್ಟಿತು. "ನೀನೇ ಬಂದು ಪಾಠ ಮಾಡವ್ವಾ" ಎಂದೆ. ಗಂಟೆ ಹೊಡೆಯುವವರೆಗೂ ಹೊರಗೆ ನಿಲ್ಲಿಸಿದೆ.

೫-೧೨, ಬೆಳಿಗ್ಗೆ

ಹಲ್ಲುಜ್ಜುವಾಗ ಹೊಳೆಯಿತು. ಸೊನ್ನೆ ಬರಬಾರದ್ದು ಭಾಗಾಕಾರದ ಛೇದದಲ್ಲಿ. ವರ್ಗಮೂಲದೊಳಗೆ ಬಂದರೆ ಏನು ರೋಗ? ಸೊನ್ನೆಯ ವರ್ಗಮೂಲ ಸೊನ್ನೆಯೇ. ಎರಡು ನಿಯಮ ಕಲಸಿಕೊಂಡಿದ್ದೇನೆ. ಅವಳು ಹೇಳಿದ್ದೇ ಸರಿ. ಛೆ... ನಾಚಿಕೆಯಾಯಿತು. ಇವತ್ತೇ ತಿದ್ದುತ್ತೇನೆ.

ಸಂಜೆ

ಹೆಡ್‌ಮಾಸ್ಟರು ಕ್ಲಾಸಿಗೆ ಬಂದು ಕೂತಿದ್ದರು. ಅವರೆದುರು ಹೇಗೆ... ನಾಳೆ ನೋಡೋಣ.

೮-೧೨

ರೇಖಾಗಣಿತ ಶುರು ಮಾಡಿಬಿಟ್ಟೆ.

೨೨-೧-೧೯೭೯

ನ್ಯಾಮತಿ ಸಂತೆಯಲ್ಲಿ ತಿಪ್ಪೇಶಪ್ಪ ಸಿಕ್ಕ. ಟವಲು ಕೈಗೆ ತೆಗೆದುಕೊಂಡು ನಿಂತ.

"ನರ್ಸ್ ಟ್ರೈನಿಂಗಿಗೆ ಹೋಗ್ತೀನಿ ಅಂತಾಳ್ರಿ ಮೇಷ್ಟ್ರೇ. ಒಂದೇ ಸಲ ನೋಡಾದು. ಫೇಲಾದ್ರೆ ಅವ್ರವ್ವನ ಜತಿ ಕೂಲಿಗೆ ಕಳಸ್ತೀನಿ. ಲೆಕ್ಕದ್ದೇ ಭಯ ಆಗೈತೆ. ಮಳೆಗಾಲದಾಗೆ ಎರಡು ತಿಂಗಳು ಜ್ವರ ಬಂದು ಮಲಗಿದ್ಲಲ್ರೀ."

"ಪಾಸಾಗ್ತಾಳೆ ಬಿಡಯ್ಯಾ" ಎಂದೆ. ಅವಳ ನೋಟ್‌ಬುಕ್ಕಿನಲ್ಲಿ ಇನ್ನೂ ನನ್ನ ತಪ್ಪೇ ಇದೆ. ರಿವಿಷನ್‌ನಲ್ಲಿ ಹೇಳಿದರಾಯಿತು.

೪-೪, ಬುಧವಾರ

ಹೊನ್ನಾಳಿ ಸೆಂಟರು. ಇಂದು ಗಣಿತ. ಪ್ರಶ್ನೆಪತ್ರಿಕೆ ನೋಡಿದೆ. x−5ರ ವರ್ಗಮೂಲ! ಕ್ಷೇತ್ರಕ್ಕೆ ಒಂದು ಅಂಕ, ವ್ಯಾಪ್ತಿಗೆ ಒಂದು. ರಿವಿಷನ್‌ನಲ್ಲೂ ನಾನು ಆ ಪಾಠ ಮುಟ್ಟಿರಲಿಲ್ಲ.

ಗೇಟಿನ ಹತ್ತಿರ ಹೊನ್ನೂರಮ್ಮ ಕಾಯುತ್ತಿದ್ದಳು. ಬಾಯಿ ತಡೆಯಲಿಲ್ಲ, ಕೇಳಿಯೇಬಿಟ್ಟೆ.

"ಐದಕ್ಕಿಂತ ದೊಡ್ಡವು ಅಂತ ಬರೆದೀನ್ರಿ ಸಾರ್. ಐದೂ ಬರ್ತೈತೆ ಅಂತ ಮೊದಲು ಬರೆದಿದ್ದೆ. ಆಮೇಲೆ ನೀವು ಹೇಳಿದ್ದು ನೆನಪಾತು. ಹೊಡೆದು ಹಾಕಿ ಹಂಗೇ ಬರೆದೆ. ವ್ಯಾಪ್ತಿಯಾಗೂ ಸೊನ್ನೆ ಬಿಟ್ಟೆ." ನಕ್ಕಳು.

"ಒಳ್ಳೇದಾಯ್ತು" ಎಂದೆ. ಥೂ.

೨೮-೫

ರಿಸಲ್ಟು. ಹೊನ್ನೂರಮ್ಮ ಉಳಿದ ಎಲ್ಲದರಲ್ಲೂ ಪಾಸು. ಗಣಿತ ಮೂವತ್ತಮೂರು. ಬೇಕಿದ್ದದ್ದು ಮೂವತ್ತೈದು.

ಊಟ ಸೇರಲಿಲ್ಲ. ಮೈ ಸರಿ ಇಲ್ಲವೇ ಎಂದು ಹೆಂಡತಿ ಶಾಂತಾ ಕೇಳಿದಳು. ಹೂಂ ಎಂದೆ.

೧೧-೬

ಸ್ಕೂಲಿಗೆ ಹೋಗುವಾಗ ಬಸ್‌ಸ್ಟ್ಯಾಂಡಿನ ಹತ್ತಿರ ಕಂಡಳು. ಕೂಲಿ ಹೆಂಗಸರ ನಡುವೆ, ಬುತ್ತಿ ಗಂಟು ಹಿಡಿದು. ನೋಡದ ಹಾಗೆ ದಾಟಿ ಹೋಗುತ್ತಿದ್ದೆ. ಎದ್ದು ಬಂದು ಕೈ ಮುಗಿದಳು.

"ಬೇಜಾರಾಗಬ್ಯಾಡ್ರಿ ಸಾರ್. ನೀವು ಚೆನ್ನಾಗೇ ಕಲಿಸಿದ್ರಿ. ನನ್ ತಲೆಗೇ ಹೋಗಲಿಲ್ಲ."

ಬೆಲ್ಲಿಗೆ ಹೊತ್ತಾಯಿತು ಎಂದು ಹೊರಟುಬಂದೆ.

೧೪-೬, ಸಂಜೆ

ಸೆಪ್ಟೆಂಬರ್ ಪರೀಕ್ಷೆಗೆ ಕಟ್ಟಿಸು ಎನ್ನಲು ತಿಪ್ಪೇಶಪ್ಪನ ಮನೆಯವರೆಗೂ ಹೋದೆ. ಆಗ ಹೋಗದ್ದು ಈಗ ಹೆಂಗೆ ತಲೆಗೆ ಹೋಗ್ತೈತೆ ಎಂದು ಕೇಳಿಯೇ ಕೇಳುತ್ತಾನೆ. ಆಗ ನಿಜ ಹೇಳಬೇಕು. ಬಾಗಿಲಿಂದಲೇ ವಾಪಸು ಬಂದೆ. ಹೇಡಿ ನಾನು.

ಬಾಯಲ್ಲಿ ಬರದಿದ್ದರೆ ಕಾಗದದಲ್ಲಾದರೂ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಇನ್‌ಲ್ಯಾಂಡ್ ಲೆಟರಿಗೆ ಇಳಿಸಿದರಾಯಿತು —

ಚಿ. ಹೊನ್ನೂರಮ್ಮಳಿಗೆ ಆಶೀರ್ವಾದಗಳು. ನಿನ್ನನ್ನು ಹೊರಗೆ ನಿಲ್ಲಿಸಿದೆನಲ್ಲ, ಆ ದಿನ ತಪ್ಪು ಹೇಳಿದ್ದು ನೀನಲ್ಲ. ತಪ್ಪು ಹೇಳಿದ್ದು