ಪಾದವಿಲ್ಲದ ವೀರನೂ ಒಂದು ಚೀಲ ಸಿಮೆಂಟೂ

ಊರಿನ ಗತವೈಭವದ ಉಸ್ತುವಾರಿ ಹೊತ್ತ ಅಧಿಕಾರಿಗಳೇ,

ಚನ್ನಗಿರಿಯ ಕೋಟೆ ರಸ್ತೆಯ ವೀರಗಲ್ಲನ್ನು ತಾವು ಈ ೧೯೮೩ರಲ್ಲಿ ಒಂದೂವರೆ ಅಡಿ ಸಿಮೆಂಟಿನಲ್ಲಿ ಹೂತು, ಪಕ್ಕದಲ್ಲಿ ‘ಸಂರಕ್ಷಿಸಲಾಗಿದೆ’ ಎಂಬ ಫಲಕ ನೆಡಿಸಿದ್ದೀರಿ. ಆ ಸಿಮೆಂಟನ್ನು ಒಡೆಸಿ ಎಂದು ಕೇಳಲು ಈ ಪತ್ರ.

‘ಕಾಲ್ನಡಿಗೆಯಲ್ಲಿ ಊರಿನ ಚರಿತ್ರೆ’ ಎಂಬ ತಮ್ಮ ಕರಪತ್ರ ಹಿಡಿದು ಕಳೆದ ಭಾನುವಾರ ನಾನೂ ಹೊರಟೆ. ಗುಡ್ಡದ ಕೋಟೆ ಹತ್ತಿ ಇಳಿದು, ಮೂರನೆಯ ತಾಣವಾದ ಈ ಕಲ್ಲಿಗೆ ಬಂದೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕೆಂಬುದು ತಮಗೆ ತಿಳಿಯದ್ದೇನಲ್ಲ: ಕೆಳಗೆ ಕಾದಾಟ, ನಡುವೆ ಮಡಿದ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಈಗ ಕಾದಾಟ ಸಿಮೆಂಟಿನೊಳಗಿದೆ. ಅಂದರೆ ನಮ್ಮ ವೀರ ಕತ್ತಿ ಎತ್ತದೆ, ಒಂದು ಗೀರು ಗಾಯವೂ ಆಗದೆ ನೇರವಾಗಿ ಕೈಲಾಸ ಸೇರಿದ್ದಾನೆ. ತಮ್ಮ ಕಚೇರಿಯಲ್ಲಿ ಬಡ್ತಿ ಹೀಗೆಯೇ ಸಿಗುವುದಿರಬಹುದು; ಅವನ ಕಾಲದಲ್ಲಿ ಅಂಥ ಸೌಲಭ್ಯ ಇರಲಿಲ್ಲ.

ಕಲ್ಲಿನೆದುರು ಪಕ್ಕದ ಮನೆಯ ಅಂಜಮ್ಮ ಕೂತಿದ್ದರು. ಅವರ ಮನೆಗೆ ಬಂದ ಸೊಸೆ ಮೊದಲು ಈ ವೀರನ ಪಾದ ತೊಳೆದು, ಆ ನೀರನ್ನು ಕಣ್ಣಿಗೊತ್ತಿಕೊಂಡು, ಆಮೇಲೆಯೇ ಒಲೆ ಹಚ್ಚಬೇಕು. ಅಂಜಮ್ಮ ಹಾಗೇ ಬಂದವರು, ಅವರ ಅತ್ತೆಯೂ. ಕಿರಿಯ ಮಗನ ಮದುವೆ ಬರುವ ತಿಂಗಳ ಹತ್ತಕ್ಕೆ.

“ಸಿಮೆಂಟು ಕಲಸುವಾಗ್ಲೇ ಹೇಳ್ದೆ ಕಣ್ರೀ, ಪಾದ ಮುಚ್ಚಬ್ಯಾಡ್ರಪ್ಪಾ ಅಂತ. ಸಾಹೇಬ್ರು, ‘ಏ ಅಮ್ಮಾ, ಕಲ್ಲು ಬೀಳಬಾರ್ದಲ್ಲಾ’ ಅಂದ್ರು. ನಮ್ಮತ್ತೇರ ಅತ್ತೆ ಕಾಲದಿಂದ ನಿಂತಿರೋದು ಈಗ್ಯಾಕೆ ಬೀಳ್ತೈತ್ರೀ? ಸೊಸೆ ಏನು ತೊಳೀಬೇಕು ಅಂದ್ರೆ, ‘ಫಲಕ ಐತಲ್ಲ, ಅದಕ್ಕೇ ಕೈ ಮುಗೀಲಿ’ ಅಂತ ನಕ್ಕೊಂಡು ಜೀಪು ಹತ್ತಿದ್ರು.”

ಆ ಸಾಹೇಬರು ತಾವೇ ಎಂದು ವಿಚಾರಿಸಿ ತಿಳಿದೆ. ಕೈ ಮುಗಿಯಲು ಹೋಗಿ ಫಲಕದ ಎರಡನೆಯ ಸಾಲನ್ನೂ ಓದಿದೆ: ‘ಮುಟ್ಟಬಾರದು.’ ಸುತ್ತಲಿನ ಕಲ್ಲುಗಳೆಲ್ಲ ಚರಂಡಿಗೆ ಹಾಸಾಗಿ ಹೋದಾಗ ಇದೊಂದು ಉಳಿದದ್ದು ಮುಟ್ಟಿದ ಕೈಗಳಿಂದಲ್ಲವೇ? ಆಗ ತಮ್ಮ ಕಚೇರಿ ಎಲ್ಲಿತ್ತು?

ಹತ್ತನೇ ತಾರೀಖಿನೊಳಗೆ ಒಬ್ಬ ಕಲ್ಲುಕುಟಿಗನನ್ನು ಕಳಿಸಿ. ಗಾರೆಯವನನ್ನಲ್ಲ. ಉಳಿ ಪಾದಕ್ಕೆ ತಾಗದಂತೆ ಸಿಮೆಂಟು ಬಿಡಿಸಲಿ. ಆಗುವುದಿಲ್ಲವೆಂದರೆ ಕರಪತ್ರದ ಮೂರನೆಯ ತಾಣವನ್ನು ‘ಸಿಮೆಂಟು, ೧೯೮೩’ ಎಂದು ತಿದ್ದಿಸಿ. ಹೊಸ ಸೊಸೆಯಂತೂ ಬಿಂದಿಗೆ ಹಿಡಿದು ಮದುವೆಯ ಮರುದಿನ ಬೆಳಿಗ್ಗೆ ಅಲ್ಲಿಗೆ ಬಂದೇ ಬರುತ್ತಾಳೆ. ಅವಳು ತೊಳೆಯಲು ಯಾವುದಾದರೂ ಪಾದ ಬೇಕಲ್ಲ. ತಾವೇ ಬಂದು ನಿಲ್ಲಿ, ಬೂಟು ಕಳಚಿ.

ಇಂತಿ,
ಮೊದಲ ಅಧ್ಯಾಯ ಕಿತ್ತ ಪುಸ್ತಕವನ್ನು ಓದಲಾರದ,
ತಮ್ಮ ಕರಪತ್ರವನ್ನು ಮಾತ್ರ ಕೊನೆಯವರೆಗೂ ಓದಿದ,
ಚನ್ನಗಿರಿಯ ಒಬ್ಬ ಓದುಗ