ನೆತ್ತಿಯ ಮೇಲೆ ಕೂಗಿದ್ದು

ಭಾನುವಾರ, ೧೮ ಜನವರಿ

ಮುದ್ದಿನ ಪುಟ್ಟಿಗೆ,

ನಿನ್ನ ಅಮ್ಮನ ಆಶೀರ್ವಾದಗಳು. ಇವತ್ತು ಬರೆಯುತ್ತೇನೆ, ನಾಳೆ ಬರೆಯುತ್ತೇನೆ ಅಂತ ರಾಗ ಎಳೆದು ತಡಮಾಡಿದ್ದಕ್ಕೆ ಬಯ್ಯಬೇಡ. ಫೋನಿನಲ್ಲಾದರೆ ಅರ್ಧಕ್ಕೇ ಬಾಯಿ ಹಾಕಿ ಗಾಬರಿ ಬೀಳುತ್ತೀ. ಅದಕ್ಕೇ ಈ ಕಾಗದ.

ಮುಂದಿನ ತಿಂಗಳು ನೀನು ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿ, ಗುಂಡನನ್ನು ಹಗಲೆಲ್ಲ ನನ್ನ ಹತ್ತಿರ ಬಿಡುವ ಮೊದಲು ಹೊಗೆ, ವಿಷಗಾಳಿಯ ಅಲಾರಾಂ ಹಾಕಿಸಲೇಬೇಕು ಅಂದಿದ್ದೆಯಲ್ಲ, ಹಾಕಿಸಿದೆ. ನಡುಮನೆಯ ಚಾವಣಿಯಲ್ಲಿ, ನಾನು ಹೊಲಿಯಲು ಕೂರುವ ಕುರ್ಚಿಯ ನೇರಕ್ಕೇ ಇದೆ. ನಾನು ಒಳಗೆ ಚಹಾ ಕಾಸುತ್ತಿದ್ದಾಗಲೇ ಎಲೆಕ್ಟ್ರಿಷಿಯನ್ ಪರೀಕ್ಷೆ ಮಾಡಿ ಮುಗಿಸಿದ್ದ. ಆಮೇಲೆ ಮೇಷ್ಟರ ಹಾಗೆ ನನ್ನಿಂದ ಪಾಠ ಒಪ್ಪಿಸಿಕೊಂಡ. ಮೂರು ಮೂರು ಸಲ ಕೂಗಿದರೆ ಹೊಗೆ. ನಾಲ್ಕು ನಾಲ್ಕು ಸಲ ಕೂಗಿದರೆ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಬರೀ ವಿಷ. ಆಗೊಮ್ಮೆ ಈಗೊಮ್ಮೆ ಚಿಂವ್ ಅಂದರೆ ಬ್ಯಾಟರಿ ಮುಗಿಯುತ್ತಾ ಬಂತು ಅಂತ.

"ಬಾಣಲೆ ಸೀದಿದ್ದು ಕಣ್ಣಿಗೆ ಕಾಣ್ತಿದ್ರೆ ಮಾತ್ರ ಈ ಬಟನ್ ಒತ್ತಿ ಸುಮ್ಮನಾಗ್ಸಿ ಅಮ್ಮಾ. ನಾಲ್ಕು ಕೂಗಿದ್ರೆ ಬಟನ್ ತಂಟೆಗೇ ಹೋಗ್ಬೇಡಿ, ಮೊದಲು ಆಚೆ ಓಡಿ" ಅಂದ.

"ಓಡು ಅಂತ ನನ್ನ ಮಂಡಿಗೆ ಹೇಳಪ್ಪ" ಅಂದೆ. ನಕ್ಕುಬಿಟ್ಟ.

ಗುರುವಾರ ಅದಕ್ಕೆ ಕೆಲಸ ಬಿತ್ತು. ಬೆಳಗಿನಿಂದ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಹೊಸ ಕನ್ನಡಕದ ದೆಸೆಯಿಂದ ಅಂದುಕೊಂಡು ಗುಂಡನ ಅಂಗಿಗೆ ಕಾಜಾ ಹಾಕುತ್ತಾ ಕೂತಿದ್ದೆ. ಅಷ್ಟರಲ್ಲಿ ಯಾರೋ ಬಾಗಿಲು ಧಡಧಡ ಬಡಿದರು. ತೆಗೆದರೆ ಮೇಲಿನ ಮನೆಯ ನರ್ಸಮ್ಮ.

"ಏನ್ರೀ ಇದು, ಆವಾಗಿಂದ ಬಡ್ಕೋತಾ ಇದೆ! ನಾಲ್ಕು ನಾಲ್ಕು ಕೂಗ್ತಿದೆ! ನಿಮಗೇನು ಕಿವಿ ಕೇಳಲ್ವಾ?" ಅನ್ನುತ್ತಾ ರಟ್ಟೆ ಹಿಡಿದು, ಕಾಲಿಗೆ ಚಪ್ಪಲಿಯೂ ಮೆಟ್ಟಗೊಡದೆ, ಬೀದಿಗೆ ಎಳೆದುಕೊಂಡು ಹೋದಳು.

ಗ್ಯಾಸ್ ಗೀಸರಿನ ಹೊಗೆ ಕೊಳವೆಯಲ್ಲಿ ಹಕ್ಕಿ ಗೂಡು ಕಟ್ಟಿತ್ತಂತೆ. ವಿಷವೆಲ್ಲ ಮನೆಯೊಳಗೇ ತುಂಬಿತ್ತಂತೆ. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟು ಸಂಜೆಗೆ ಕಳಿಸಿದರು. ಗೀಸರನ್ನೂ ಬದಲಾಯಿಸಿ ಆಯಿತು. ಬೆಟ್ಟದ ಹಾಗೆ ಬಂದದ್ದು ಮಂಜಿನ ಹಾಗೆ ಕರಗಿತು, ಈಗ ಗುಂಡುಕಲ್ಲಿನ ಹಾಗಿದ್ದೇನೆ. ಆದರೂ ಸೂಜಿಗೆ ದಾರ ಪೋಣಿಸುವಾಗಲೂ ಕಣ್ಣು ಚಾವಣಿಗೇ ಹೋಗುತ್ತದೆ.

ಅಳಿಯಂದಿರಿಗೆ ಆಶೀರ್ವಾದ ತಿಳಿಸು. ಗುಂಡನಿಗೆ ಎರಡೂ ಕೆನ್ನೆಗೆ ಮುತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು, ಎಲ್ಲರೂ ತಣ್ಣಗಿರಿ.

ನಿನ್ನ
ಅಮ್ಮ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಡಿಸಿದೆ. ನರ್ಸಮ್ಮ ಬಯ್ದದ್ದಲ್ಲ ಪುಟ್ಟಿ, ಇದ್ದದ್ದನ್ನೇ ಹೇಳಿದಳು. ನನಗೆ ಅದು ಕೇಳಿಸಲೇ ಇಲ್ಲ. ನಿನ್ನೆ ಅವಳನ್ನೇ ಕರೆದು ಪರೀಕ್ಷೆಯ ಬಟನ್ ಒತ್ತಿಸಿದೆ. ಅವಳು ಎರಡೂ ಕಿವಿ ಮುಚ್ಚಿಕೊಂಡಳು. ನನಗೆ ಕೆಂಪು ದೀಪ ಮಿನುಗಿದ್ದಷ್ಟೇ ಕಂಡಿತು. ಮಾತು ಕೇಳುತ್ತದೆ, ಬಾಗಿಲು ಬಡಿದದ್ದು ಕೇಳುತ್ತದೆ, ಕೀಚಲು ದನಿ ಮಾತ್ರ ಹೋಗಿದೆ. ವಯಸ್ಸಾದವರಿಗೆ ಹೀಗಾಗುವುದುಂಟಂತೆ. ಕಿವಿ ಡಾಕ್ಟರಿಗೆ ತೋರಿಸುತ್ತೇನೆ. ಅಲ್ಲಿಯವರೆಗೆ ಗುಂಡನನ್ನು ನನ್ನೊಬ್ಬಳ ಹತ್ತಿರ ಬಿಡಬೇಡ. ಹೋದ ತಿಂಗಳು ನೀನು ಆಫೀಸಿಗೆ ಹೋಗಿ ಬಂದ ದಿನ, ಅವನು ಒಳಕೋಣೆಯಲ್ಲಿ ಮಧ್ಯಾಹ್ನವೆಲ್ಲ ಒಂದು ಸಲವೂ ಅಳದೆ ಮಲಗಿದ್ದ ಅಂತ ಜಂಬ ಕೊಚ್ಚಿಕೊಂಡೆನಲ್ಲ. ನೀನು ಎತ್ತಿಕೊಂಡಾಗ ಅವನ ಕೆನ್ನೆ, ದಿಂಬು ಎಲ್ಲ ಒದ್ದೆಯಾಗಿತ್ತು. ನಾನು ಜೊಲ್ಲು ಅಂದುಕೊಂಡೆ.